ಕ್ಯಾಲಿಫೋರ್ನಿಯದ ಚಿನ್ನ ಮತ್ತು ‘ಖಾಲಿ ನೆಲ’ದ ಸುಳ್ಳು

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ನಿನ್ನೆ ರಾತ್ರಿ ಊಟದ ಪಂಕ್ತಿಯಲ್ಲಿ ಒಬ್ಬ ತರುಣ ಮಿತ್ರರು ನನ್ನನ್ನು ಕೇಳಿದರು: “ನೀವು ಎಲ್ಲದಕ್ಕೂ ವಿಸ್ತರಣವಾದ, ವಿಸ್ತರಣವಾದ ಎನ್ನುತ್ತೀರಿ. ಅಮೆರಿಕದ ಪಶ್ಚಿಮ ಕರಾವಳಿಗೆ ಜನ ನುಗ್ಗಿದ್ದು ಅಲ್ಲಿ ಚಿನ್ನ ಸಿಕ್ಕಿತೆಂದು. ಚಿನ್ನ ಸಿಕ್ಕಿದ್ದು ಅದೃಷ್ಟ. ಅದೃಷ್ಟಕ್ಕೆ ಸಿದ್ಧಾಂತ ಎಲ್ಲಿಂದ ಬಂತು ಸ್ವಾಮಿ?” ಪ್ರಶ್ನೆ ಚೆನ್ನಾಗಿತ್ತು. ಎಲೆಯ ಮುಂದೆ ಕುಳಿತು ಉತ್ತರಿಸುವಂಥದಲ್ಲವೆಂದು ಈ ಹೊತ್ತಿಗೆ ಉಳಿಸಿಕೊಂಡೆ.

ಮೊದಲು ಎರಡು ತಾರೀಖುಗಳನ್ನು ಗುರುತು ಹಾಕಿಕೊಳ್ಳಿ. 1848ರ ಜನವರಿ 24ರಂದು, ಕೊಲೋಮ ಎಂಬ ಕಣಿವೆಯಲ್ಲಿ ಮರ ಕೊಯ್ಯುವ ಮಿಲ್ಲೊಂದನ್ನು ಕಟ್ಟಿಸುತ್ತಿದ್ದ ಜೇಮ್ಸ್ ಮಾರ್ಷಲ್ ಎಂಬ ಬಡಗಿ, ಮಿಲ್ಲಿನ ನೀರುಕಾಲುವೆಯಲ್ಲಿ ಹೊಳೆಯುವ ಚೂರುಗಳನ್ನು ಕಂಡ. ಅದಾದ ಒಂಬತ್ತು ದಿನಕ್ಕೆ, ಫೆಬ್ರವರಿ 2ರಂದು, ಯುದ್ಧದಲ್ಲಿ ಸೋತ ಮೆಕ್ಸಿಕೋ ದೇಶ ಕ್ಯಾಲಿಫೋರ್ನಿಯವೂ ಸೇರಿದಂತೆ ಸುಮಾರು 5 ಲಕ್ಷ 25 ಸಾವಿರ ಚದರ ಮೈಲಿ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟು ಕೌಲಿಗೆ ರುಜು ಹಾಕಿತು. ಬೆಲೆ ಒಂದೂವರೆ ಕೋಟಿ ಡಾಲರು. ರುಜು ಹಾಕಿದವರಲ್ಲಿ ಯಾರಿಗೂ ಚಿನ್ನದ ಸುದ್ದಿ ಗೊತ್ತಿರಲಿಲ್ಲ. ಎಂದರೆ, ನೆಲವನ್ನು ಕಿತ್ತುಕೊಂಡದ್ದು ಚಿನ್ನಕ್ಕಾಗಿ ಅಲ್ಲ. ಕಿತ್ತುಕೊಳ್ಳುವ ಮನಸ್ಸು ಮೊದಲೇ ಸಿದ್ಧವಾಗಿತ್ತು. ಚಿನ್ನ ಬಂದು ಅದಕ್ಕೆ ಅವಸರ ತಂದುಕೊಟ್ಟಿತು.

ಆ ಮನಸ್ಸಿಗೆ ಒಂದು ಹೆಸರು ಕೂಡ ಇತ್ತು. 1845ರಲ್ಲಿ ಜಾನ್ ಓ’ಸಲಿವನ್ ಎಂಬ ಸಂಪಾದಕನ ಪತ್ರಿಕೆಯಲ್ಲಿ ಟೆಕ್ಸಸ್ ಪ್ರಾಂತವನ್ನು ಸೇರಿಸಿಕೊಳ್ಳುವುದನ್ನು ಸಮರ್ಥಿಸಿ ಒಂದು ಲೇಖನ ಬಂತು. ಅದರಲ್ಲಿ ‘ಮ್ಯಾನಿಫೆಸ್ಟ್ ಡೆಸ್ಟಿನಿ’ ಎಂಬ ಮಾತು ಅಚ್ಚಾಯಿತು. ವರ್ಷ ವರ್ಷಕ್ಕೆ ಹೆಚ್ಚುತ್ತಿರುವ ನಮ್ಮ ಜನಕ್ಕಾಗಿ ದೈವವೇ ಈ ಖಂಡವನ್ನು ಮೀಸಲಿಟ್ಟಿದೆ, ಅದರ ಉದ್ದಗಲಕ್ಕೂ ಹರಡುವುದು ನಮ್ಮ ವಿಧಿ, ಅದು ಎಲ್ಲರ ಕಣ್ಣಿಗೂ ಕಾಣುವಷ್ಟು ಸ್ಪಷ್ಟ ಎಂದು ಅದರ ಅರ್ಥ. ನಮ್ಮಲ್ಲಿ ಹಣೆಬರಹವೆಂದರೆ ಯಾರಿಗೂ ಕಾಣದ್ದು. ಇವರ ಹಣೆಬರಹ ಮಾತ್ರ ಕಾಣುತ್ತಿತ್ತು, ಅದೂ ನೆರೆಯವನ ಹೊಲದ ಗಡಿಯೊಳಗೆ! ಓ’ಸಲಿವನ್ ಜಮೀನುದಾರರ ಪಕ್ಷದ ಬಾಡಿಗೆ ಬರಹಗಾರನೆಂದು ತಿಳಿಯಬೇಡಿ. ಅವನು ಪ್ರಜಾಪ್ರಭುತ್ವದ ಉತ್ಸಾಹಿ, ಗಲ್ಲು ಶಿಕ್ಷೆಯ ವಿರೋಧಿ. ಬಡ ಬಿಳಿಯನಿಗೆ ಭೂಮಿ ಸಿಗಬೇಕೆಂಬ ಆಸೆಯನ್ನೇ ಈ ಸಿದ್ಧಾಂತ ತನ್ನ ಬಂಡವಾಳ ಮಾಡಿಕೊಂಡಿತು. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಪೋಕ್ ಅಧ್ಯಕ್ಷನಾದವನು ಮೊದಲು ಕ್ಯಾಲಿಫೋರ್ನಿಯವನ್ನು ದುಡ್ಡು ಕೊಟ್ಟು ಕೊಳ್ಳಲು ನೋಡಿದ. ಅವನ ದೂತನನ್ನು ಮೆಕ್ಸಿಕೋ ಬಾಗಿಲಿಗೂ ಸೇರಿಸಲಿಲ್ಲ. 1846ರಲ್ಲಿ ಎರಡು ದೇಶಗಳೂ ತನ್ನದೆನ್ನುತ್ತಿದ್ದ ಗಡಿಯ ಪಟ್ಟಿಯೊಳಕ್ಕೆ ಸೈನ್ಯ ಕಳಿಸಿದ. ಅಲ್ಲಿ ಚಕಮಕಿ ನಡೆಯಿತು. ಅಮೆರಿಕದ ನೆಲದ ಮೇಲೆ ಅಮೆರಿಕದ ರಕ್ತ ಬಿದ್ದಿದೆಯೆಂದು ಶಾಸನಸಭೆಗೆ ಹೇಳಿ ಯುದ್ಧ ಸಾರಿಸಿದ. ಆ ರಕ್ತ ಬಿದ್ದ ಜಾಗ ಯಾವುದು, ಬೆರಳಿಟ್ಟು ತೋರಿಸಿ ಎಂದು ಆಗಿನ್ನೂ ಹೊಸ ಸದಸ್ಯನಾಗಿದ್ದ ಲಿಂಕನ್ 1847ರ ಡಿಸೆಂಬರಿನಲ್ಲಿ ಸವಾಲು ಹಾಕಿದ. ಗುಲಾಮಗಿರಿಗೂ ಈ ಯುದ್ಧಕ್ಕೂ ತೆರಿಗೆ ಕೊಡಲಾರೆನೆಂದ ಥೋರೋ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದ. ಅವನು ಆಮೇಲೆ ಬರೆದ ಕಾನೂನುಭಂಗದ ಪ್ರಬಂಧವನ್ನು ಗಾಂಧೀಜಿ ಓದಿದ್ದು ನಿಮಗೆಲ್ಲ ಗೊತ್ತು. ಅಮೆರಿಕದಲ್ಲೇ ಬೇಡವೆಂದವರು ಇದ್ದರು, ಆದರೆ ಸಂಖ್ಯೆಯಲ್ಲಿ ಸೋತರು.

ನಮ್ಮವರೆಂದು ನಾವು ಗೌರವಿಸುವವರೂ ಇಲ್ಲಿ ಎಡವಿದ್ದಾರೆಂದು ಹೇಳದಿದ್ದರೆ ನಾನು ಅಪ್ರಾಮಾಣಿಕನಾಗುತ್ತೇನೆ. 1849ರ ಫೆಬ್ರವರಿಯಲ್ಲಿ, ಮಾರ್ಕ್ಸ್ ಸಂಪಾದಕನಾಗಿದ್ದ ಪತ್ರಿಕೆಯಲ್ಲಿ ಏಂಗೆಲ್ಸ್ ಬರೆದ ಮಾತಿನ ಸಾರ ಇದು: ಆ ಸೋಮಾರಿ ಮೆಕ್ಸಿಕನರಿಗೆ ಏನೂ ಮಾಡಲು ತಿಳಿಯದಿದ್ದ ಸೊಗಸಾದ ಕ್ಯಾಲಿಫೋರ್ನಿಯ ಅವರ ಕೈತಪ್ಪಿದ್ದರಲ್ಲಿ ಅಳುವುದಕ್ಕೇನಿದೆ? ಮಾರನೆಯ ವರ್ಷ ಇಬ್ಬರೂ ಕೂಡಿ, ಈ ಚಿನ್ನದ ಶೋಧ 1848ರ ಫೆಬ್ರವರಿ ಕ್ರಾಂತಿಗಿಂತ ದೊಡ್ಡ ಘಟನೆಯೆಂದು ಲೆಕ್ಕ ಹಾಕಿದರು. ಜಗತ್ತಿನ ವ್ಯಾಪಾರದ ದಾರಿ ಪೆಸಿಫಿಕ್ ಸಾಗರದ ಕಡೆ ಹೊರಳುವುದನ್ನು ಅವರು ಸರಿಯಾಗಿಯೇ ಕಂಡರು. ಆದರೆ ‘ಸೋಮಾರಿ’ ಎಂಬ ಆ ಒಂದು ಮಾತು ಓ’ಸಲಿವನ್ನನ ಬಾಯಿಯದು. ಅದು ಲಂಡನ್ನಿನ ಲಾಟುಸಾಹೇಬರು ನಮ್ಮ ರೈತರ ಬಗ್ಗೆ ಆಡಿದ ಮಾತೂ ಹೌದು.

ಈಗ ಆ ಕಣಿವೆಗೆ ಹೋಗೋಣ. ಕೊಲೋಮ ಎಂಬ ಹೆಸರೇ ಅಲ್ಲಿನ ನಿಸೆನಾನ್ ಎಂಬ ಮೂಲನಿವಾಸಿಗಳ ಊರಿನಿಂದ ಬಂದದ್ದು. ಮಿಲ್ಲಿನ ಯಜಮಾನ ಜಾನ್ ಸಟ್ಟರ್. ಸ್ವಿಟ್ಜರ್ಲೆಂಡಿನಲ್ಲಿ ಸಾಲ ಮಾಡಿ ಓಡಿಬಂದವನು, ಮೆಕ್ಸಿಕೋ ಸರಕಾರದಿಂದ ಸುಮಾರು 49 ಸಾವಿರ ಎಕರೆ ಜಹಗೀರು ಪಡೆದಿದ್ದ. ಅವನ ಗದ್ದೆ ಕೊಯ್ಯುತ್ತಿದ್ದವರು ಮೂಲನಿವಾಸಿಗಳು. ಉದ್ದನೆಯ ಮರದ ತೊಟ್ಟಿಗಳಲ್ಲಿ ಗಂಜಿ ಸುರಿದು ಅವರಿಗೆ ಉಣಿಸುತ್ತಿದ್ದುದನ್ನು ಅವನ ಕೋಟೆಗೆ ಬಂದುಹೋದ ಬಿಳಿಯರೇ ಬರೆದಿಟ್ಟಿದ್ದಾರೆ. ಚಿನ್ನ ಸಿಕ್ಕಿದ ಕೂಡಲೇ ಸಟ್ಟರ್ ಏನು ಮಾಡಿದ ಗೊತ್ತೆ? ಆ ಸುತ್ತಿನ ಮೂಲನಿವಾಸಿಗಳ ಮುಖಂಡರನ್ನು ಕರೆಸಿ, ಬಟ್ಟೆಬರೆ, ಹಿಟ್ಟು ಕೊಡುತ್ತೇನೆಂದು ಹೇಳಿ ಕಣಿವೆಯನ್ನು ಗುತ್ತಿಗೆ ಬರೆಸಿಕೊಂಡ. ಆ ಪತ್ರವನ್ನು ಸೇನಾಧಿಕಾರಿ ಕರ್ನಲ್ ಮೇಸನ್ನನ ಬಳಿಗೆ ಮಂಜೂರಾತಿಗೆ ಕಳಿಸಿದ. ಮೇಸನ್ ಮಂಜೂರು ಮಾಡಲಿಲ್ಲ. ಕಾರಣ, ಬಾಡಿಗೆ ಕಡಿಮೆಯಾಯಿತು, ಮೋಸವಾಯಿತು ಎಂದಲ್ಲ. ಇಂಡಿಯನ್ನರಿಗೆ ನೆಲವನ್ನು ಮಾರುವ ಅಥವಾ ಗುತ್ತಿಗೆ ಕೊಡುವ ಹಕ್ಕು ಉಂಟೆಂದು ಅಮೆರಿಕ ಸರಕಾರ ಒಪ್ಪುವುದಿಲ್ಲ ಎಂದು.

ಮಿತ್ರರೆ, ನಿನ್ನೆಯ ಪ್ರಶ್ನೆಗೆ ಉತ್ತರ ಆ ಪತ್ರದಲ್ಲಿದೆ. ಸಟ್ಟರನಂಥ ಶೋಷಕನಿಗೂ ಆ ನೆಲಕ್ಕೆ ಒಡೆಯರಿದ್ದಾರೆ, ಮೋಸದಿಂದಲಾದರೂ ಅವರಿಂದ ಬರೆಸಿಕೊಳ್ಳಬೇಕು ಎಂದು ತೋರಿತ್ತು. ಸಿದ್ಧಾಂತಕ್ಕೆ ಅಷ್ಟೂ ತೋರಲಿಲ್ಲ. ಅದರ ಪುಸ್ತಕದಲ್ಲಿ ಆ ನೆಲ ಖಾಲಿ.

ಆ ‘ಖಾಲಿ’ ನೆಲದಲ್ಲಿ ಆಗ ಸುಮಾರು ಒಂದೂವರೆ ಲಕ್ಷ ಮೂಲನಿವಾಸಿಗಳಿದ್ದರು. ಮಿಕ್ಕವರೆಲ್ಲ ಸೇರಿ ಹದಿನಾಲ್ಕು ಹದಿನೈದು ಸಾವಿರ. ಚಿನ್ನ ತೆಗೆಯುವ ಕೆಲಸವನ್ನು ಮೊದಲ ವರ್ಷ ಹೆಚ್ಚಾಗಿ ಮಾಡಿದವರೂ ಮೂಲನಿವಾಸಿಗಳೇ. 1848ರ ಆಗಸ್ಟಿನಲ್ಲಿ ಅದೇ ಮೇಸನ್ ಬರೆದ ವರದಿಯಲ್ಲಿ, ನಾಲ್ಕು ಸಾವಿರಕ್ಕೂ ಮಿಕ್ಕ ಜನ ಚಿನ್ನ ತೆಗೆಯುತ್ತಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂಡಿಯನ್ನರು ಎಂದಿದೆ. ಆಗಿನ ಗಣಿಗಾರಿಕೆಗೆ ಯಂತ್ರ ಬೇಕಿರಲಿಲ್ಲ. ಗದಗದ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ಮರಳು ತೊಳೆದು ಚಿನ್ನದ ಕಣ ಆರಿಸುತ್ತಿದ್ದರಲ್ಲ, ಅದೇ ರೀತಿ. ಒಂದು ಸಲಿಕೆ, ಒಂದು ತಟ್ಟೆ, ಸೊಂಟಮಟ್ಟ ತಣ್ಣೀರು. ಆ ಸಲಿಕೆ ತಟ್ಟೆಗಳನ್ನೆಲ್ಲ ಮೊದಲೇ ಕೊಂಡು ಗೋದಾಮಿಗೆ ತುಂಬಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಚಿನ್ನ, ಚಿನ್ನ ಎಂದು ಕೂಗುತ್ತ ಹೋದ ಸ್ಯಾಮ್ ಬ್ರ್ಯಾನನ್ ಎಂಬ ಅಂಗಡಿಕಾರ ಗಣಿಗಾರರಿಗಿಂತ ಮೊದಲು ಸಾಹುಕಾರನಾದನೆಂದು ಹೇಳುತ್ತಾರೆ. ಅಂಗಡಿಕಾರರ ಜಾತಿ ಎಲ್ಲ ದೇಶದಲ್ಲೂ ಒಂದೇ!

1848ರ ಡಿಸೆಂಬರಿನಲ್ಲಿ ಪೋಕ್ ತನ್ನ ವಾರ್ಷಿಕ ಸಂದೇಶದಲ್ಲಿ ಚಿನ್ನದ ಸುದ್ದಿ ನಿಜವೆಂದು ಸಾರಿದ ಮೇಲೆ ಜನಪ್ರವಾಹ ಹರಿಯಿತು. ಹಡಗಿನಲ್ಲಿ ದಕ್ಷಿಣ ಅಮೆರಿಕದ ತುದಿ ಸುತ್ತಿ ಬಂದವರು, ಪನಾಮದ ಕಾಡು ದಾಟಿ ಬಂದವರು, ಎತ್ತಿನ ಗಾಡಿಯಲ್ಲಿ ಖಂಡವನ್ನೇ ಅಡ್ಡ ಹಾಯ್ದು ಬಂದವರು. 1852ರ ಹೊತ್ತಿಗೆ ಹೊರಗಿನಿಂದ ಬಂದವರ ಸಂಖ್ಯೆ ಎರಡು ಲಕ್ಷ ದಾಟಿತ್ತು. ಇವರನ್ನು ರಾಕ್ಷಸರೆಂದುಕೊಳ್ಳಬಾರದು. ಐರ್ಲೆಂಡಿನ ಆಲೂಗಡ್ಡೆ ಕ್ಷಾಮದಿಂದ ಉಳಿದು ಬಂದವರು ಅವರಲ್ಲಿದ್ದರು, ಯೂರೋಪಿನ ಸೋತ ಕ್ರಾಂತಿಗಳಿಂದ ತಪ್ಪಿಸಿಕೊಂಡವರಿದ್ದರು, ಸಾಲದಲ್ಲಿ ಹೊಲ ಕಳೆದುಕೊಂಡ ರೈತರಿದ್ದರು. ಸರಕಾರದ ಕೈ ಇನ್ನೂ ತಲುಪದ ಆ ಬೆಟ್ಟಗಳಲ್ಲಿ ತಾವೇ ಸಭೆ ಸೇರಿ ಕಟ್ಟಳೆ ಮಾಡಿಕೊಂಡರು: ಒಬ್ಬನಿಗೆ ಇಷ್ಟೇ ಅಡಿ ನೆಲ, ಅಗೆಯದೆ ಬಿಟ್ಟವನಿಗೆ ಹಕ್ಕಿಲ್ಲ, ಅಗೆಯುವವನದೇ ಗುಂಡಿ.

ಇದನ್ನು ಓದಿದಾಗ ನನಗೆ ಮೊದಲು ಸಂತೋಷವಾಯಿತು, ಆಮೇಲೆ ಮೈ ಜುಮ್ಮೆಂದಿತು. ‘ಉಳುವವನೇ ಹೊಲದೊಡೆಯ’ ಎಂದು ಕೂಗಿದವರು ನಾವು. ಇದೂ ಅದೇ ಮಾತಲ್ಲವೆ? ಉಳದವನಿಗೆ ನೆಲದ ಮೇಲೆ ಹಕ್ಕಿಲ್ಲವೆಂಬ ಇದೇ ತರ್ಕವನ್ನು ಹಿಡಿದು ಮೂಲನಿವಾಸಿಗಳನ್ನು ಓಡಿಸಿದರು. ಅವರು ನೇಗಿಲು ಹಿಡಿಯುವುದಿಲ್ಲ, ಆದ್ದರಿಂದ ನೆಲ ಅವರದಲ್ಲ. ಅವರು ವರ್ಷವರ್ಷವೂ ಹದವರಿತು ಹುಲ್ಲುಗಾವಲಿಗೆ ಬೆಂಕಿ ಹಾಕಿ ಗೆಡ್ಡೆಗೆಣಸು, ಜಿಂಕೆಯ ಮೇವು ಬೆಳೆಸುತ್ತಿದ್ದರು. ಓಕ್ ಮರದ ಕಾಯಿಯ ಹಿಟ್ಟನ್ನು ನೀರಿನಲ್ಲಿ ಕಹಿ ತೆಗೆದು ವರ್ಷದ ಅನ್ನ ಮಾಡಿಕೊಳ್ಳುತ್ತಿದ್ದರು. ನದಿಯೇರಿ ಬರುವ ಸಾಲ್ಮನ್ ಮೀನನ್ನು ಅಳತೆಯರಿತು ಹಿಡಿಯುತ್ತಿದ್ದರು. ಇದು ದುಡಿಮೆಯಾಗಿ ಬಿಳಿಯನ ಕಣ್ಣಿಗೆ ಕಾಣಲಿಲ್ಲ. ನಮ್ಮ ಘೋಷಣೆ ದುಡಿಯದೆ ಗೇಣಿ ತಿನ್ನುವವನ ವಿರುದ್ಧ ಇತ್ತು. ಅವರ ಕಟ್ಟಳೆ, ಬೇರೆ ರೀತಿಯಲ್ಲಿ ದುಡಿಯುವವನ ವಿರುದ್ಧ ತಿರುಗಿತು. ಕೂಗು ಒಂದೇ ಆದರೂ ಯಾರನ್ನು ಎಬ್ಬಿಸಲು ಕೂಗುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ಕಾಡಂಚಿನಲ್ಲಿ ಕೆಲಸ ಮಾಡುವ ಮಿತ್ರರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಗೆಯುವವನದೇ ಗುಂಡಿ ಎಂಬ ಆ ಸಮಾನತೆ ಕೂಡ ಎಲ್ಲರಿಗೂ ಇರಲಿಲ್ಲ. 1849ರಲ್ಲಿ ಆರಿಗನ್ ಕಡೆಯಿಂದ ಬಂದ ಗಣಿಗಾರರು ಕೊಲೋಮದ ಸುತ್ತಿನ ಮೂಲನಿವಾಸಿಗಳ ಮೇಲೆ ಬಿದ್ದು ಕೊಂದು ಓಡಿಸಿದರು. ಚಿಲಿಯಿಂದಲೂ ಮೆಕ್ಸಿಕೋದ ಸೊನೋರ ಪ್ರಾಂತದಿಂದಲೂ ಬಂದವರು ಕಸುಬು ಬಲ್ಲ ಗಣಿಗಾರರು. ಬಿಳಿಯರು ಅವರಿಂದಲೇ ಕಲಿತು, 1850ರಲ್ಲಿ ಪರದೇಶಿ ಗಣಿಗಾರನ ಮೇಲೆ ತಿಂಗಳಿಗೆ 20 ಡಾಲರು ತೆರಿಗೆ ಹೇರಿಸಿದರು. ಎರಡು ವರ್ಷದ ಕೆಳಗೆ ಆ ನೆಲದಲ್ಲಿ ಮೆಕ್ಸಿಕನನೇ ಸ್ವದೇಶಿ ಎಂಬುದನ್ನು ನೆನೆಯಿರಿ! ಆ ತೆರಿಗೆಯನ್ನು ಮಾರನೆಯ ವರ್ಷ ಎತ್ತಿದರು. 1852ರಲ್ಲಿ ಬೇರೆ ರೂಪದಲ್ಲಿ ತಂದು ಚೀನೀಯರಿಂದ ವಸೂಲು ಮಾಡಿದರು. ಚೀನೀಯನೊಬ್ಬನನ್ನು ಕೊಂದ ಬಿಳಿಯನಿಗೆ ಶಿಕ್ಷೆಯಾಗಿತ್ತು. 1854ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಇಂಡಿಯನ್ನರ ಸಾಕ್ಷ್ಯ ಬಿಳಿಯರ ವಿರುದ್ಧ ನಡೆಯದೆಂಬ ಕಾನೂನು ಇದೆ, ಚೀನೀಯರೂ ಅದೇ ಗುಂಪು ಎಂದು ಅದರ ವಾದ. 1882ರಲ್ಲಿ ಚೀನೀ ಕೂಲಿಗಳು ದೇಶಕ್ಕೆ ಬರುವುದನ್ನೇ ನಿಷೇಧಿಸುವ ಕಾನೂನು ಬಂತು. ಅದಕ್ಕಾಗಿ ಬೀದಿಯಲ್ಲಿ ಗಟ್ಟಿಯಾಗಿ ಕೂಗಿದವರು ಬಿಳಿಯ ಕಾರ್ಮಿಕರೇ. ನಮಗೆ ನಾಚಿಕೆಯ ಸಂಗತಿ, ಆದರೆ ಸತ್ಯ.

ಗುಲಾಮಗಿರಿಯ ವಿಷಯ ಕೇಳಿ. 1850ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯ ಸ್ವತಂತ್ರ ರಾಜ್ಯವಾಗಿ, ಎಂದರೆ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಒಕ್ಕೂಟ ಸೇರಿತು. ಅದೇ ವರ್ಷದ ಏಪ್ರಿಲಿನಲ್ಲಿ ಅದರ ಶಾಸನಸಭೆ ಇಂಡಿಯನ್ನರ ‘ಆಡಳಿತ ಮತ್ತು ರಕ್ಷಣೆ’ಯ ಕಾಯಿದೆ ಮಾಡಿತ್ತು. ರಕ್ಷಣೆ ಎಂದರೆ ಏನು? ಕೆಲಸವಿಲ್ಲದೆ ತಿರುಗುವ ಇಂಡಿಯನ್ನನನ್ನು ಹಿಡಿದು, ಹೆಚ್ಚು ಕೂಗಿದವನಿಗೆ ನಾಲ್ಕು ತಿಂಗಳವರೆಗೆ ದುಡಿಯಲು ಹರಾಜು ಹಾಕಬಹುದು. ಮಕ್ಕಳನ್ನು ನ್ಯಾಯಾಧಿಕಾರಿಯ ಮುಂದೆ ತಂದು ಪ್ರಾಯಕ್ಕೆ ಬರುವತನಕ ಇಟ್ಟುಕೊಳ್ಳಬಹುದು. ಲಾಸ್ ಏಂಜಲೀಸಿನಲ್ಲಿ ನಡೆಯುತ್ತಿದ್ದುದು ಹೀಗೆ: ವಾರದ ದುಡಿಮೆಗೆ ಕೂಲಿಯ ಭಾಗವಾಗಿ ಸಾರಾಯಿ, ಕುಡಿದು ಬಿದ್ದವರನ್ನು ಭಾನುವಾರ ಹಿಡಿಯುವುದು, ಸೋಮವಾರ ಮತ್ತೆ ಹರಾಜು. ಜೀತವನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಈ ಚಕ್ರ ಹೊಸದಲ್ಲ. ಕಾಯಿದೆಯ ಮುಖ್ಯ ಭಾಗಗಳು ರದ್ದಾದದ್ದು 1863ರಲ್ಲಿ, ದೇಶದಲ್ಲಿ ಗುಲಾಮಗಿರಿಯ ವಿರುದ್ಧ ಅಂತರ್ಯುದ್ಧ ನಡೆಯುತ್ತಿದ್ದ ಕಾಲದಲ್ಲಿ.

ಕೊಲೆಗಳ ವಿವರಕ್ಕೆ ನಾನು ಹೋಗುವುದಿಲ್ಲ. ಗವರ್ನರ್ ಬರ್ನೆಟ್ 1851ರ ಜನವರಿಯ ಸಂದೇಶದಲ್ಲಿ, ಇಂಡಿಯನ್ ಜನಾಂಗ ಅಳಿಯುವವರೆಗೂ ನಿರ್ಮೂಲನದ ಯುದ್ಧ ನಡೆಯುತ್ತಲೇ ಇರುತ್ತದೆ, ಅದು ನಿರೀಕ್ಷಿತವೇ ಎಂದು ಹೇಳಿದ. ದುಃಖದ ಸಂಗತಿ, ಆದರೆ ತಪ್ಪಿಸಲು ಮನುಷ್ಯನಿಂದಾಗದು ಎಂಬ ಧಾಟಿ. ವಿಧಿಯ ಸಿದ್ಧಾಂತದ ಉಪಯೋಗ ಇದೇ: ಕೊಲ್ಲುವವನು ತಾನಲ್ಲ, ವಿಧಿ! ವಿಧಿಯ ಖರ್ಚನ್ನು ಮಾತ್ರ ಖಜಾನೆ ಕೊಟ್ಟಿತು. ಸ್ವಯಂಸೇವಕ ದಂಡುಗಳಿಗೆ ರಾಜ್ಯ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಮಂಜೂರು ಮಾಡಿತು, ಅದರ ದೊಡ್ಡ ಪಾಲನ್ನು ಕೇಂದ್ರ ಸರಕಾರ ತುಂಬಿಕೊಟ್ಟಿತು. ರೋಗ, ಹಸಿವು, ಜೀತ, ಬಂದೂಕು ಎಲ್ಲ ಸೇರಿ ಒಂದೂವರೆ ಲಕ್ಷವಿದ್ದ ಮೂಲನಿವಾಸಿಗಳು 1870ರ ಸುಮಾರಿಗೆ 30 ಸಾವಿರಕ್ಕೆ ಇಳಿದರು.

ನನಗೆ ಬಂದೂಕಿಗಿಂತಲೂ ಹೆಚ್ಚು ಕೊರೆಯುವುದು ಕಾಗದ. 1851 ಮತ್ತು 1852ರಲ್ಲಿ ಕೇಂದ್ರದ ಕಮಿಷನರುಗಳು ಊರೂರು ತಿರುಗಿ ಮೂಲನಿವಾಸಿಗಳೊಡನೆ ಹದಿನೆಂಟು ಒಪ್ಪಂದ ಮಾಡಿಕೊಂಡರು. ನಿಮ್ಮ ಬೆಟ್ಟ ಬಿಡಿ, ಬದಲಿಗೆ ಇಂತಿಂಥ ಜಾಗ ನಿಮಗೆ ಶಾಶ್ವತ ಎಂದು. ಜನ ನಂಬಿ ಗುರುತು ಹಾಕಿದರು. ಕ್ಯಾಲಿಫೋರ್ನಿಯದ ಪ್ರತಿನಿಧಿಗಳು ಗದ್ದಲವೆಬ್ಬಿಸಿದರು: ಕೊಟ್ಟ ಜಾಗದಲ್ಲೂ ಚಿನ್ನವಿದ್ದರೆ? 1852ರಲ್ಲಿ ವಾಷಿಂಗ್ಟನ್ನಿನ ಸೆನೆಟ್ ಹದಿನೆಂಟನ್ನೂ ತಿರಸ್ಕರಿಸಿತು. ಅಷ್ಟೇ ಆಗಿದ್ದರೆ ಮೋಸವೆನ್ನಬಹುದಾಗಿತ್ತು. ಆ ಕಾಗದಗಳನ್ನು ಗುಟ್ಟಾಗಿಡಬೇಕೆಂದೂ ಆಜ್ಞೆ ಮಾಡಿತು. ಗುಟ್ಟು ಹೊರಬಿದ್ದದ್ದು 1905ರಲ್ಲಿ. ಐವತ್ತಮೂರು ವರ್ಷ! ಬೆಟ್ಟ ಬಿಟ್ಟವರು, ಕೊಟ್ಟ ಜಾಗಕ್ಕೆ ಹೋಗಿ ನಿಂತರೆ ಅಲ್ಲಿ ಅತಿಕ್ರಮಣದಾರರು.

ಮೆಕ್ಸಿಕನ್ ಜಮೀನುದಾರರಿಗೂ 1851ರ ಭೂಕಾಯಿದೆಯಿಂದ ಇದೇ ಪಾಠ ಸ್ವಲ್ಪ ಮೆತ್ತಗೆ ಆಯಿತು. ನಿಮ್ಮ ಹಕ್ಕನ್ನು ನೀವೇ ರುಜುವಾತು ಮಾಡಿ ಎಂದರು. ವಕೀಲರಿಗೂ ಬಡ್ಡಿಯವರಿಗೂ ಹಬ್ಬವಾಯಿತು. ಅವರ ಮೇಲೆ ನನಗೆ ಅತಿಯಾದ ಕನಿಕರವಿಲ್ಲ. ಸಟ್ಟರನೂ ಬೀದಿಗೆ ಬಿದ್ದ. ಪರಿಹಾರ ಕೊಡಿ ಎಂದು ಸರಕಾರವನ್ನು ಬೇಡುತ್ತಲೇ 1880ರಲ್ಲಿ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ಸತ್ತ.

ಸರಿ, ಬಡ ಬಿಳಿಯನಿಗಾದರೂ ಏನು ಸಿಕ್ಕಿತು? ಕೈಗೆಟುಕುವ ಚಿನ್ನ ನಾಲ್ಕೈದು ವರ್ಷದಲ್ಲಿ ಬರಿದಾಯಿತು. ಆಮೇಲೆ ಬೆಟ್ಟವನ್ನೇ ಕರಗಿಸುವ ಕಂಪನಿಗಳು ಬಂದವು. 1853ರಿಂದ ತೋಪಿನಂಥ ಕೊಳವೆಗಳಲ್ಲಿ ನೀರು ಹಾರಿಸಿ ಗುಡ್ಡ ಕೆಡವುವ ಪದ್ಧತಿ ಶುರುವಾಯಿತು. ಸಲಿಕೆ ಹಿಡಿದು ಬಂದ ಸ್ವತಂತ್ರ ಮನುಷ್ಯ ದಿನಗೂಲಿಯವನಾದ. ಮಣ್ಣಿನಿಂದ ಚಿನ್ನ ಹಿಡಿಯಲು ಪಾದರಸ ಸುರಿದರು. ಅದರಲ್ಲಿ ಒಂದು ಕೋಟಿ ಪೌಂಡಿನವರೆಗೂ ಹೊಳೆ ಮಣ್ಣಿಗೆ ಸೇರಿರಬಹುದೆಂದು ಅಲ್ಲಿನ ಭೂವಿಜ್ಞಾನಿಗಳ ಅಂದಾಜು. ಅದು ಇನ್ನೂ ಅಲ್ಲೇ ಇದೆ, ಕೆಲವು ಕೆರೆಹೊಳೆಗಳ ಮೀನನ್ನು ಮಿತವಾಗಿ ತಿನ್ನಬೇಕೆಂದು ಸರಕಾರವೇ ಎಚ್ಚರಿಸುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕೋಲಾರದ ಚಿನ್ನದ ಗಣಿಯೂರಿನಲ್ಲಿ ಉಳಿದ ಸಯನೈಡ್ ದಿಬ್ಬಗಳನ್ನು ಕಂಡವರಿಗೆ, ಚಿನ್ನ ಹೋದ ಮೇಲೆ ಊರಿಗೆ ಏನು ಉಳಿಯುತ್ತದೆಂದು ಗೊತ್ತು. ಕೆಡವಿದ ಗುಡ್ಡಗಳ ಮಣ್ಣು ಕೆಳಗಿನ ಹೊಳೆಗಳನ್ನು ತುಂಬಿ, ಹೊಳೆಯ ತಳ ಮೇರೀಸ್‌ವಿಲ್ ಪಟ್ಟಣದ ಬೀದಿಗಿಂತ ಎತ್ತರವಾಯಿತು. ಹೊಲಗಳು ಹೂಳಿನಡಿ ಮುಚ್ಚಿಹೋದವು. ಅಲ್ಲಿನ ರೈತರು ಸಂಘ ಕಟ್ಟಿ ಮೊಕದ್ದಮೆ ನಡೆಸಿ, 1884ರಲ್ಲಿ ನ್ಯಾಯಾಧೀಶ ಸಾಯರ್ ಕೊಟ್ಟ ತೀರ್ಪಿನಿಂದ ಕಂಪನಿಯ ಆ ಪದ್ಧತಿಯನ್ನು ನಿಲ್ಲಿಸಿದರು. ರೈತರ ಈ ಗೆಲುವು ದೊಡ್ಡದು, ಒಪ್ಪಬೇಕು. ಆದರೆ ನ್ಯಾಯಾಲಯಕ್ಕೆ ಕಂಡ ಹಾನಿ ಮೂವತ್ತು ವರ್ಷದ ಕೆಳಗೆ ಬಂದವರ ಹೊಲದ್ದು. ಅದಕ್ಕೂ ಮೊದಲು ಅಲ್ಲಿದ್ದವರು ವಾದಿಗಳ ಪಟ್ಟಿಯಲ್ಲಿ ಇರಲಿಲ್ಲ.

ಅಂದಹಾಗೆ, 1922ರಲ್ಲಿ ಅಮೆರಿಕಕ್ಕೆ ಓದಲು ಹೋದ ಜಯಪ್ರಕಾಶ ನಾರಾಯಣರು ಕಾಲೇಜು ಸೇರುವ ಮುನ್ನ ಹೊಟ್ಟೆಗಾಗಿ ದುಡಿದದ್ದು ಇದೇ ಕ್ಯಾಲಿಫೋರ್ನಿಯದ ದ್ರಾಕ್ಷಿ ತೋಟಗಳಲ್ಲಿ. ಚಿನ್ನ ಮುಗಿದ ಮೇಲೆ ಆ ರಾಜ್ಯ ತೋಟಗಳಿಂದ ಬದುಕಿತು, ತೋಟಗಳು ಹೊರಗಿನಿಂದ ಬಂದ ಕಪ್ಪು, ಹಳದಿ, ಕಂದು ಮೈಯ ಕೂಲಿಗಳಿಂದ.

ಇದೆಲ್ಲ ಒಂದು ಊರಿನ ಕೆಟ್ಟ ಗ್ರಹಚಾರವೆನ್ನುವವರಿಗೆ ಒಂದೇ ಮಾತು. ಇದಕ್ಕೂ ಮೊದಲು, 1829ರ ಸುಮಾರಿಗೆ ಜಾರ್ಜಿಯದಲ್ಲಿ ಚೆರೋಕಿ ಜನರ ನೆಲದಲ್ಲಿ ಚಿನ್ನ ಕಂಡಿತು. 1830ರಲ್ಲಿ ಅವರನ್ನು ಸಾಗಹಾಕುವ ಕಾನೂನು ಬಂತು, 1838ರಲ್ಲಿ ಸೈನ್ಯ ಅವರನ್ನು ಎಬ್ಬಿಸಿತು, ದಾರಿಯಲ್ಲಿ ಸಾವಿರಾರು ಜನ ಸತ್ತರು. ಕ್ಯಾಲಿಫೋರ್ನಿಯದ ನಂತರ 1874ರಲ್ಲಿ ಲಕೋಟ ಜನರ ಕರಿಬೆಟ್ಟಗಳಲ್ಲಿ ಚಿನ್ನ ಕಂಡಿತು. 1868ರಲ್ಲಿ ಆ ಬೆಟ್ಟ ನಿಮ್ಮದೇ ಎಂದು ಬರೆದುಕೊಟ್ಟ ಸರಕಾರ 1877ರಲ್ಲಿ ಕಿತ್ತುಕೊಂಡಿತು. 1980ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹತ್ತು ಕೋಟಿ ಡಾಲರಿಗೂ ಮಿಕ್ಕ ಪರಿಹಾರವನ್ನು ಎತ್ತಿಹಿಡಿದರೆ, ಬೆಟ್ಟ ಮಾರಾಟಕ್ಕಿಲ್ಲವೆಂದು ಲಕೋಟರು ಹಣ ಮುಟ್ಟಲಿಲ್ಲ. ಮೂರು ಜಾಗ, ಮೂರು ಕಾಲ, ಒಂದೇ ಕ್ರಮ. ಅದೃಷ್ಟ ಇಷ್ಟು ಶಿಸ್ತಿನಿಂದ ನಡೆಯುವುದಿಲ್ಲ.

2019ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ರಾಜ್ಯದ ಪರವಾಗಿ ಕ್ಷಮೆ ಕೇಳಿ, ನಡೆದದ್ದು ಜನಾಂಗಹತ್ಯೆಯೇ ಎಂದು ಒಪ್ಪಿದ. ಒಳ್ಳೆಯದು. ಕೊಲೋಮದ ನಿಸೆನಾನ್ ಜನರ ನಂಟರೇ ಆದ, ನೆವಾಡ ಸಿಟಿ ಎಂಬ ಹಳೆಯ ಗಣಿಯೂರಿನ ಪಕ್ಕದ ಗುಂಪಿಗೆ ಒಂದು ಸಣ್ಣ ಮೀಸಲು ತುಂಡು ಉಳಿದಿತ್ತು. ಅದನ್ನೂ ಅವರ ಬುಡಕಟ್ಟಿನ ಮಾನ್ಯತೆಯನ್ನೂ ಕೇಂದ್ರ ಸರಕಾರ 1964ರಲ್ಲಿ ರದ್ದು ಮಾಡಿತು. ಅವರು ಆಮೇಲೆ ಚಂದಾ ಎತ್ತಿದರು. 2024ರಲ್ಲಿ ತಮ್ಮ ಹಳೆಯ ಹಳ್ಳಿಯಿದ್ದ ಜಾಗದಲ್ಲಿ ಇನ್ನೂರು ಎಕರೆಗೂ ಮಿಕ್ಕ ನೆಲವನ್ನು ಪೇಟೆಯ ಬೆಲೆಗೆ, ದುಡ್ಡು ಎಣಿಸಿ ಕೊಟ್ಟು, ಕ್ರಯಪತ್ರ ಮಾಡಿಸಿಕೊಂಡರು.